ಸೂಜಿ ಹಿಡಿಯಲು ನೌಕರಿ ಬಿಡಬೇಕೆ?

ಪ್ರಶ್ನೆ: ನನಗೆ 29 ವರ್ಷ. ಊರು ಧಾರವಾಡದ ಹತ್ತಿರದ ಹಳ್ಳಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಕಳೆದ ವರ್ಷ ಇಲ್ಲಿ ಎರಡು ದಿನದ ಕಸೂತಿ ಕಾರ್ಯಾಗಾರಕ್ಕೆ ಹೋಗಿದ್ದೆ, ಆಮೇಲೆ ಇನ್ನೊಂದಕ್ಕೆ. ಅಲ್ಲಿ ಹೇಳಿಕೊಟ್ಟ ನವಿಲು, ಗೋಪುರ ಚೆನ್ನಾಗಿಯೇ ಬಂದವು. ಆದರೆ ಮನೆಯಲ್ಲಿ ಇಳಕಲ್ ಸೀರೆಯ ಮೇಲೆ ನಾನೇ ಹಾಕಲು ಕೂತರೆ ಅರ್ಧಕ್ಕೇ ಲೆಕ್ಕ ತಪ್ಪುತ್ತದೆ. ಹಿಂಬದಿಯಂತೂ ಯಾರಿಗೂ ತೋರಿಸುವ ಹಾಗಿರುವುದಿಲ್ಲ. ಧಾರವಾಡದಲ್ಲಿ ಎಪ್ಪತ್ತರ ಆಸುಪಾಸಿನ ಅಕ್ಕಾರೊಬ್ಬರು ‘ಬಾ, ನನ್ನ ಜೋಡಿ ಕೂತು ಕಲಿ. ಎಷ್ಟ ದಿನ ಹಿಡೀತದ ಅಂತ ಮಾತ್ರ ಕೇಳಬ್ಯಾಡ’ ಅಂದಿದ್ದಾರೆ. ದುಡ್ಡಿನ ಮಾತೆತ್ತಿದರೆ ಸಿಟ್ಟಾಗುತ್ತಾರೆ. ನೌಕರಿ ಬಿಟ್ಟು ಒಂದು ವರ್ಷ ಅಲ್ಲೇ ಇದ್ದು ಕಲಿಯಬೇಕು, ಆಮೇಲೆ ನಾನೇ ಕಾರ್ಯಾಗಾರ ನಡೆಸಬೇಕು ಅನ್ನುವ ಆಸೆ. ಇದನ್ನು ಹೇಳಿದ ದಿನದಿಂದ ಅವ್ವ ಸರಿಯಾಗಿ ಮಾತಾಡುತ್ತಿಲ್ಲ. ನನ್ನ ಆಯಿ ಕೂಲಿಗೆ ಕಸೂತಿ ಹಾಕುತ್ತಿದ್ದಳು. ‘ಆ ಸೂಜಿ ನಿನ್ನ ಕೈಗೆ ಬರಬಾರದು ಅಂತನ ನಿನ್ನ ಓದಿಸೇನಿ’ ಅನ್ನುವುದು ಅವ್ವನ ಮಾತು. ನನ್ನ ಆಸೆ ತಪ್ಪೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ತಂಗಿ, ಆಸೆ ತಪ್ಪಲ್ಲ. ಅಕ್ಕಾರ ಹತ್ತಿರ ಖಂಡಿತ ಹೋಗಿ, ತಡಮಾಡಬೇಡಿ. ಆದರೆ ನೌಕರಿ ಬಿಡಬೇಡಿ. ಕಾರ್ಯಾಗಾರ ನಡೆಸುವ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಅವ್ವನ ಮಾತಿನಲ್ಲಿ ನೀವು ಕೇಳಿಸಿಕೊಳ್ಳಬೇಕಾದದ್ದು ಬಹಳ ಇದೆ, ಅದನ್ನು ಬರೀ ಹಠ ಅಂದುಕೊಳ್ಳಬೇಡಿ.

ಮೊದಲು ಇಳಕಲ್ ಸೀರೆಯ ಮೇಲೆ ಯಾಕೆ ಕೈ ತಪ್ಪುತ್ತಿದೆ ಅನ್ನುವುದನ್ನು ನೋಡೋಣ. ಕಾರ್ಯಾಗಾರದಲ್ಲಿ ನಿಮಗೆ ಕೊಟ್ಟದ್ದು ಬಹುಶಃ ಮ್ಯಾಟಿ ಬಟ್ಟೆ. ಅದರ ನೇಯ್ಗೆ ದಪ್ಪ, ಸೂಜಿ ಎಲ್ಲಿ ಇಳಿಯಬೇಕೋ ಆ ತೂತು ಬರಿಗಣ್ಣಿಗೇ ಕಾಣುತ್ತದೆ. ದಾರ ಕತ್ತರಿಸಿ ಇಟ್ಟಿರುತ್ತಾರೆ, ಪಕ್ಕದಲ್ಲಿ ಚೌಕುಳಿ ಹಾಳೆಯ ಮೇಲೆ ಚಿತ್ತಾರ ಅಚ್ಚಾಗಿರುತ್ತದೆ, ಎಲ್ಲಿಂದ ಶುರುಮಾಡಬೇಕು ಎಂದು ಬಾಣದ ಗುರುತೂ ಇರುತ್ತದೆ. ಅದರಲ್ಲಿ ಮೋಸ ಏನಿಲ್ಲ. ಒಂದಷ್ಟು ಜನರಿಗೆ ಎರಡು ದಿನದಲ್ಲಿ ಒಂದೊಂದು ನವಿಲು ಹಾಕಿಸಿ ಕಳಿಸಬೇಕಾದರೆ ಬೇರೆ ದಾರಿಯಿಲ್ಲ. ಸೂಜಿಯನ್ನೇ ಮುಟ್ಟದವರಿಗೆ ಅದರ ರುಚಿ ಹತ್ತಿಸುವುದು ದೊಡ್ಡ ಕೆಲಸವೇ. ನಿಮಗೂ ಹತ್ತಿದ್ದು ಅಲ್ಲಿಯೇ. ಆದರೆ ಇಳಕಲ್ ಸೀರೆಯ ಮೈಯಲ್ಲಿ ಗುರುತಿಲ್ಲ, ಬಾಣವಿಲ್ಲ. ಕಸೂತಿಯಲ್ಲಿ ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಬರೆದುಕೊಳ್ಳುವ ಪದ್ಧತಿಯೇ ಇಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತ ಎಣಿಸುತ್ತ ಗೋಪುರ ಏಳಬೇಕು, ಆನೆಯ ಮೇಲೆ ಅಂಬಾರಿ ಕೂರಬೇಕು. ಎಳೆ ಎಣಿಸಲಾಗದ ನುಣುಪು ಬಟ್ಟೆಯಾದರೆ ಮೇಲೊಂದು ಕ್ಯಾನ್ವಾಸ್ ಜಾಳಿಗೆ ಟಾಕಿ, ಅದರ ಮೂಲಕ ಹೊಲಿದು, ಕೊನೆಗೆ ಜಾಳಿಗೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಕೈಮಗ್ಗದ ಸೀರೆಗೆ ಅದೂ ಬೇಡ, ಅಲ್ಲಿ ಕಣ್ಣೇ ಜಾಳಿಗೆ.

ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಹೆಸರು ನಿಮಗೆ ಗೊತ್ತೇ ಇರುತ್ತದೆ. ನೇಗಿ ಮಗ್ಗದಲ್ಲೇ ನೇಯ್ದಂತೆ ಕಾಣುವ ಓಟದ ಹೊಲಿಗೆ, ಮೆಂತೆ ಅಡ್ಡಗೂಡಿಸಿ ಹಾಕುವುದು. ಇವೆರಡರಲ್ಲಿ ಹಿಂಬದಿ ಮುಂಬದಿಯಂತಿರುವುದಿಲ್ಲ, ಹಾಗಾಗಿ ಅಷ್ಟು ಕಾಟವಿಲ್ಲ. ನಿಮ್ಮನ್ನು ಸತಾಯಿಸುತ್ತಿರುವುದು ಗವಂತಿ, ಮತ್ತು ಅದನ್ನೇ ಮೆಟ್ಟಿಲು ಮೆಟ್ಟಿಲಾಗಿ ಹಾಕುವ ಮುರ್ಗಿ. ಗವಂತಿಯಲ್ಲಿ ದಾರ ಎರಡು ಸಲ ನಡೆಯುತ್ತದೆ. ಹೋಗುವಾಗ ಒಂದು ಹೊಲಿಗೆ, ಅಷ್ಟೇ ಎಳೆಯ ಖಾಲಿ ಜಾಗ, ಮತ್ತೊಂದು ಹೊಲಿಗೆ. ಬರುವಾಗ ಅದೇ ದಾರಿಯಲ್ಲಿ ಖಾಲಿ ಬಿಟ್ಟದ್ದನ್ನೆಲ್ಲ ತುಂಬುತ್ತ ಬರಬೇಕು. ಸರಿಯಾಗಿ ಬಂದರೆ ಸೆರಗಿನ ಎರಡೂ ಬದಿ ಒಂದೇ ರೀತಿ, ಗಂಟಿಲ್ಲ, ಸಡಿಲ ದಾರವಿಲ್ಲ.

ನೇರ ಗೆರೆಯಾದರೆ ಇದು ಮಕ್ಕಳಾಟ. ಗೋಪುರಕ್ಕೆ ಬನ್ನಿ. ನಡುಗೆರೆಯಿಂದ ಎಡಕ್ಕೊಂದು ಕೊಂಬೆ, ಬಲಕ್ಕೊಂದು ಕೊಂಬೆ, ಕೊಂಬೆಯ ತುದಿಯಲ್ಲಿ ಚಿಕ್ಕದೊಂದು ಕಳಶ. ದಾರ ಕವಲಿನ ಜಾಗಕ್ಕೆ ಬಂದಾಗ ಈಗಲೇ ಆ ಕಡೆ ಹೋಗಿ, ಕಳಶ ಮುಗಿಸಿ, ತುಂಬಿಕೊಂಡು ವಾಪಸಾಗಬೇಕೋ? ಇಲ್ಲ ನೇರ ಮೇಲೇರಿ, ಇಳಿಯುವಾಗ ಆ ಕೊಂಬೆ ಹಿಡಿಯಬೇಕೋ? ಅದು ಅಲ್ಲೇ ತೀರ್ಮಾನ ಆಗಬೇಕು. ಎಳೆ ರಂಗೋಲಿ ಹಾಕುವವರು ಕೈ ಎತ್ತದೆ ಶುರುವಿನ ಚುಕ್ಕಿಗೇ ಬಂದು ಸೇರುವ ದಾರಿಯನ್ನು ಮೊದಲೇ ಮನಸ್ಸಿನಲ್ಲಿ ಕಂಡುಕೊಳ್ಳುತ್ತಾರಲ್ಲ, ಅದೇ ಬುದ್ಧಿ ಇಲ್ಲಿ ಬೇಕು. ಬಾಣದ ಗುರುತು ನಿಮ್ಮ ಪರವಾಗಿ ಆ ಯೋಚನೆ ಮಾಡಿಬಿಟ್ಟಿತ್ತು. ಗುರುತು ಹೋಯಿತು, ನೀವು ನಿಂತಿರಿ. ಇದರ ಮೇಲೆ ಇನ್ನೊಂದು ಕಷ್ಟವಿದೆ. ಬುಡದಲ್ಲಿ ಒಂದೇ ಒಂದು ಎಳೆ ಹೆಚ್ಚು ಎಣಿಸಿದರೂ ಅದು ಆಗಲೇ ಗೊತ್ತಾಗುವುದಿಲ್ಲ. ಎರಡು ಬದಿಯ ಗೆರೆಗಳು ಶಿಖರದಲ್ಲಿ ಕೂಡಬೇಕಾದ ಹೊತ್ತಿಗೆ ಕೂಡದೆ ನಿಲ್ಲುತ್ತವೆ. ಆಗ ಇರುವ ದಾರಿ ಒಂದೇ, ಬುಡದವರೆಗೂ ಬಿಚ್ಚುವುದು.

ಅಕ್ಕಾರ ಪಕ್ಕ ಕೂರುವುದರ ಬೆಲೆ ಇರುವುದೇ ಇಲ್ಲಿ. ಕಸೂತಿಯಲ್ಲಿ ಪಳಗಿದ ಹಿರಿಯರ ಕೈಗೆ ಬಟ್ಟೆ ಕೊಟ್ಟು ನೋಡಿ, ಮೊದಲು ಅದನ್ನು ತಿರುವಿ ಹಿಂಬದಿ ನೋಡುತ್ತಾರೆ. ಎಲ್ಲಿ ದಾರ ಅಡ್ಡ ಹಾರಿದೆ, ಎಲ್ಲಿ ಗಂಟು ಹಾಕಿ ಮುಚ್ಚಿಟ್ಟಿದ್ದೀರಿ, ಎಲ್ಲಿ ಬೇಸರ ಬಂದು ಎಳೆ ಬಿಗಿದಿದ್ದೀರಿ, ಎಲ್ಲವೂ ಆ ಬದಿಯಲ್ಲಿ ಬರೆದಿಟ್ಟಂತೆ ಇರುತ್ತದೆ. ಆಮೇಲೆ ಹೆಚ್ಚು ಮಾತಿಲ್ಲ, ಉಗುರಿನಿಂದ ಒಂದು ಜಾಗ ತೋರಿಸಿ ‘ಇಲ್ಲಿಂದ ಬಿಚ್ಚು’ ಅನ್ನುತ್ತಾರೆ. ತಪ್ಪು ನೀವು ಅಂದುಕೊಂಡ ಜಾಗದಲ್ಲಿ ಇರುವುದೇ ಇಲ್ಲ, ಅದಕ್ಕಿಂತ ನಾಲ್ಕು ಹೊಲಿಗೆ ಹಿಂದೆ ಇರುತ್ತದೆ. ಇದನ್ನು ವಿಡಿಯೊ ಹೇಳಿಕೊಡಲಾರದು. ವಿಡಿಯೊದಲ್ಲಿರುವ ಕೈ ತಪ್ಪುವುದಿಲ್ಲ, ನಿಮ್ಮ ತಪ್ಪನ್ನು ಅದು ನೋಡುವುದೂ ಇಲ್ಲ. ಹಾಗಾಗಿ ‘ಎಷ್ಟ ದಿನ ಅಂತ ಕೇಳಬ್ಯಾಡ’ ಅಂದ ಅಕ್ಕಾರ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ. ನೀವು ಎಷ್ಟು ತಪ್ಪುತ್ತೀರಿ, ತಪ್ಪಿದಾಗ ಬಿಚ್ಚುವ ತಾಳ್ಮೆ ನಿಮಗೆಷ್ಟಿದೆ ಎನ್ನುವುದು ಅವರಿಗೆ ಈಗಲೇ ಹೇಗೆ ಗೊತ್ತಾಗಬೇಕು?

ಇನ್ನು ನೌಕರಿಯ ವಿಚಾರ. ನೀವು ಬಿದ್ರಿ ಕಲೆ ಕಲಿಯುತ್ತೇನೆ ಅಂದಿದ್ದರೆ ನನ್ನ ಸಲಹೆ ಬೇರೆಯಾಗುತ್ತಿತ್ತು. ಸತು, ತಾಮ್ರ ಕರಗಿಸಿ ಎರಕ ಹೊಯ್ಯಬೇಕು, ಅರದಿಂದ ಉಜ್ಜಿ ನಯ ಮಾಡಬೇಕು, ಉಳಿಯಿಂದ ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಬೇಕು, ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿನ ದ್ರಾವಣದಲ್ಲಿ ಅದ್ದಿ ಕಪ್ಪು ಬರಿಸಬೇಕು. ಬೀದರಿನ ಕಾರ್ಖಾನೆಯಲ್ಲಿ ಹೋಗಿ ಕೂರದೆ ಅದು ಬರುವುದಿಲ್ಲ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿಯವರಂತಹವರ ಕೆಲಸದ ಹಿಂದೆ ಇಡೀ ಬದುಕೇ ಇದೆ. ಚನ್ನಪಟ್ಟಣದ ಬೊಂಬೆಯಾದರೆ ಲೇತ್ ಬೇಕು, ಆಲೆ ಮರ ಬೇಕು, ಅರಗು ಬೇಕು. ಕಸೂತಿಗೆ ಸೂಜಿ, ದಾರ, ಬಟ್ಟೆ, ಬೆಳಕು ಸಾಕು. ನಮ್ಮ ಹೆಣ್ಣುಮಕ್ಕಳು ಇದನ್ನು ಬೆಳೆಸಿದ್ದು ಅಡುಗೆ, ಹೊಲ, ಮಕ್ಕಳ ಕೆಲಸ ಮುಗಿಸಿ ಸಿಕ್ಕ ಮಧ್ಯಾಹ್ನಗಳಲ್ಲಿ, ಮಗಳ ಮದುವೆಯ ಚಂದ್ರಕಾಳಿ ಸೀರೆಗಾಗಿ, ಖಣದ ಕುಪ್ಪಸಕ್ಕಾಗಿ. ಬೇರೆ ಕೆಲಸದ ನಡುವೆಯೇ ಬೆಳೆದ ಕಲೆಗಾಗಿ ಎಲ್ಲ ಕೆಲಸವನ್ನೂ ಬಿಟ್ಟು ಹೊರಡುವ ಅಗತ್ಯ ನನಗೆ ಕಾಣುತ್ತಿಲ್ಲ. ನಿಮಗೆ ಬೇಕಾದದ್ದು ದಿನಕ್ಕೆ ಒಂದು ಗಂಟೆ, ಮತ್ತು ಆಗಾಗ ನಿಮ್ಮ ಬಟ್ಟೆಯ ಹಿಂಬದಿ ನೋಡುವ ಒಬ್ಬರು.

ಇರುವ ರಜೆ ಕೂಡಿಸಿಕೊಂಡು ಮೊದಲ ಸಲ ಒಂದು ವಾರ ಅಕ್ಕಾರ ಹತ್ತಿರ ಇದ್ದು ಬನ್ನಿ. ಆಮೇಲೆ ತಿಂಗಳಿಗೊಮ್ಮೆ ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಶನಿವಾರ ಬೆಳಿಗ್ಗೆ ಧಾರವಾಡ. ನಡುವಿನ ದಿನಗಳಲ್ಲಿ ಹಾಕಿದ್ದರ ಎರಡೂ ಬದಿಯ ಫೋಟೊ ವಾಟ್ಸ್‌ಆಪ್‌ನಲ್ಲಿ ಕಳಿಸಿ, ಅವರಿಗೆ ಫೋನು ಕೈಗೆ ಹತ್ತದಿದ್ದರೆ ಮನೆಯವರು ಯಾರಾದರೂ ತೋರಿಸುತ್ತಾರೆ. ಸೀರೆಯ ಆಸೆ ಈಗ ಬೇಡ. ಕುಪ್ಪಸದ ತೋಳಿನಷ್ಟು ಅಗಲದ ಕೈಮಗ್ಗದ ಬಟ್ಟೆಯ ಮೇಲೆ ಒಂದೇ ಚಿತ್ತಾರವನ್ನು, ಚೌಕುಳಿ ಹಾಳೆ ನೋಡದೆ, ಎರಡೂ ಬದಿ ಒಂದೇ ಆಗುವವರೆಗೆ ಹಾಕಿ. ಅದು ಕೂತ ಮೇಲೆ ಸೆರಗಿನ ಜೋಡಣೆ ಕಲಿಯಿರಿ. ದೊಡ್ಡ ಗೋಪುರ, ತೇರು ಸೆರಗಿನ ಅಂಚಿಗೆ ಹತ್ತಿರ, ಮೇಲೆ ಹೋದ ಹಾಗೆ ಚಿತ್ತಾರ ಚಿಕ್ಕದಾಗುತ್ತ ಮೈಯಲ್ಲಿ ಚುಕ್ಕಿಗಳಂತೆ ಹರಡುವುದು. ಅದೊಂದು ಬೇರೆಯದೇ ವಿದ್ಯೆ, ಕಾರ್ಯಾಗಾರಗಳು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಒಂದು ವರ್ಷ ಹೀಗೆ ನಡೆದ ಮೇಲೂ ನೌಕರಿ ಬಿಡಬೇಕು ಅನ್ನಿಸಿದರೆ ಆಗ ಮತ್ತೆ ಬರೆಯಿರಿ.

ನಿಮ್ಮ ಅವ್ವನ ಮಾತಿಗೆ ಬರುತ್ತೇನೆ. ಪರಂಪರೆ, ಸಂಸ್ಕೃತಿ ಎಂಬ ಮಾತುಗಳನ್ನು ದಯವಿಟ್ಟು ಅವರೆದುರು ಎತ್ತಬೇಡಿ. ಅವರು ಆ ಕಲೆಯನ್ನು ಕೀಳು ಅನ್ನುತ್ತಿಲ್ಲ, ಅದರ ಕೂಲಿಯನ್ನು ಹೇಳುತ್ತಿದ್ದಾರೆ. ಅದು ಹಳೆಯ ಕಥೆಯೂ ಅಲ್ಲ. ಉದಾಹರಣೆಗೆ, ಒಂದು ಗೋಪುರಕ್ಕೆ 4 ಗಂಟೆ ಹಿಡಿಯಿತು, ಸೀರೆ ತಂದುಕೊಟ್ಟವರು 200 ರೂಪಾಯಿ ಕೊಟ್ಟರು ಅಂತಿಟ್ಟುಕೊಳ್ಳಿ. ಗಂಟೆಗೆ 50 ರೂಪಾಯಿ ಆಯಿತು. ದಿನಕ್ಕೆ ಎಂಟು ಗಂಟೆ ಕಣ್ಣು ಕೀಲಿಸಿ ಕೂತರೂ 400. ಬಿಚ್ಚಿ ಮತ್ತೆ ಹಾಕಿದ ಹೊತ್ತಿಗೆ ಅದರಲ್ಲಿ ಲೆಕ್ಕವೇ ಇಲ್ಲ. ಧಾರವಾಡದ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಅದು ಹೆಸರನ್ನು ಕಾಯುತ್ತದೆ, ಕೂಲಿಯನ್ನು ಕಾಯುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿಗಳಿದ್ದಾರೆ, ಹೂಮಾಲೆ ಕಟ್ಟುವವರಿದ್ದಾರೆ, ಕಸೂತಿಯವರಿಲ್ಲ. ನನಗೆ ಇದು ತೀರಾ ಸಂಕಟದ ಸಂಗತಿ. ಹಾಗಾಗಿ ಅವ್ವನ ಹತ್ತಿರ ವಾದಕ್ಕೆ ಕೂರಬೇಡಿ, ಕೇಳಲು ಕೂರಿ. ಸೀರೆ ಯಾರು ತಂದುಕೊಡುತ್ತಿದ್ದರು, ಒಂದು ಸೆರಗಿಗೆ ಆಯಿಗೆ ಎಷ್ಟು ಸಿಗುತ್ತಿತ್ತು, ತಪ್ಪಾದರೆ ಯಾರು ನಷ್ಟ ಹೊರುತ್ತಿದ್ದರು, ದಾರ ಯಾರ ಖರ್ಚಿನದು. ಆಯಿಯ ಸೂಜಿಗೆ ಬಾಲ್ಯದಲ್ಲಿ ದಾರ ಪೋಣಿಸಿಕೊಟ್ಟವರು ನಿಮ್ಮ ಅವ್ವನೇ ಇರಬಹುದು. ನೀವು ನೌಕರಿ ಉಳಿಸಿಕೊಂಡೇ ಕಲಿಯುತ್ತೀರಿ ಎಂದು ಗೊತ್ತಾದರೆ ಅವರ ಅರ್ಧ ಭಯ ಇಳಿಯುತ್ತದೆ. ಮನೆ ಬಾಡಿಗೆಗಾಗಿ ಸೂಜಿ ಹಿಡಿದವರ ಕಷ್ಟಕ್ಕೂ ನಿಮ್ಮ ಸ್ಥಿತಿಗೂ ಬಹಳ ಅಂತರವಿದೆ. ಆ ಅಂತರವನ್ನು ನೀವೇ ಮೊದಲು ಬಾಯಿಬಿಟ್ಟು ಒಪ್ಪಿಕೊಳ್ಳಿ.

ಇದೇ ಕಾರಣಕ್ಕೆ ಕಾರ್ಯಾಗಾರ ನಡೆಸುವ ಯೋಚನೆ ಪಕ್ಕಕ್ಕಿಡಿ ಅಂದದ್ದು. ಬೆಂಗಳೂರಿನಲ್ಲಿ ಇಂಗ್ಲಿಷ್ ಬಲ್ಲ, ಇನ್‌ಸ್ಟಾಗ್ರಾಂ ಬಲ್ಲ ನಿಮಗೆ ಜನ ಸೇರಿಸುವುದು ಕಷ್ಟವಲ್ಲ. ನಿಮಗಿಂತ ಹತ್ತು ಪಟ್ಟು ಬಲ್ಲ ಅಕ್ಕಾರ ಮನೆಗೆ ಆ ದುಡ್ಡು ಹೋಗುವುದಿಲ್ಲ ಅನ್ನುವುದೇ ಕಷ್ಟ. ನಡೆಸಲೇಬೇಕೆಂದರೆ ಕಲಿಸುವ ಜಾಗದಲ್ಲಿ ಅವರು ಕೂರಲಿ, ಪ್ರಕಟಣೆಯಲ್ಲಿ ಅವರ ಹೆಸರಿರಲಿ, ಶುಲ್ಕದ ದೊಡ್ಡ ಪಾಲು ಅವರದಾಗಲಿ. ಜಾಗ ಗೊತ್ತುಮಾಡುವುದು, ನೋಂದಣಿ, ಹಿಂದಿನ ಸಾಲಿನವರಿಗೆ ದಾರ ಪೋಣಿಸಿಕೊಡುವುದು ನಿಮ್ಮ ಕೆಲಸ. ಅವರ ಹತ್ತಿರ ಹಸ್ತಶಿಲ್ಪ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ‘ಪೆಹಚಾನ್’ ಗುರುತಿನ ಚೀಟಿ ಇದೆಯೇ ವಿಚಾರಿಸಿ, ಇಲ್ಲದಿದ್ದರೆ ಅರ್ಜಿ ತುಂಬಿಕೊಡಿ. ಅದೇ ಕಚೇರಿಯಲ್ಲಿ ಗುರು-ಶಿಷ್ಯ ತರಬೇತಿ ಯೋಜನೆಯೂ ಇದೆ. ಆ ಓಣಿಯ ಹುಡುಗಿಯರು ನಾಲ್ಕಾರು ಜನ ಕಲಿಯಲು ಮುಂದೆ ಬಂದರೆ ಅದರ ವಿವರವನ್ನೂ ತಂದುಕೊಡಿ. ಕಂಪ್ಯೂಟರ್ ಬಲ್ಲ ಶಿಷ್ಯೆಯಿಂದ ಅವರಿಗೆ ಆಗಬಹುದಾದ ಉಪಕಾರ ಇದು.

ಕೊನೆಯದು, ಅಕ್ಕಾರು ದುಡ್ಡಿನ ಮಾತಿಗೆ ಸಿಟ್ಟಾಗುವುದು. ಸಿಟ್ಟಾದರು ಎಂದು ಪುಕ್ಕಟೆ ಕಲಿಯಬೇಡಿ. ಮನೆಗೆ ಬಂದ ಹುಡುಗಿಯ ಹತ್ತಿರ ಬಾಯಿಬಿಟ್ಟು ದುಡ್ಡು ಕೇಳುವುದು ಆ ವಯಸ್ಸಿನವರಿಗೆ ಸಂಕೋಚ, ಆದರೆ ನಿಮ್ಮ ಜೊತೆ ಕೂತ ಹೊತ್ತಿನಲ್ಲಿ ಅವರ ಸ್ವಂತ ಸೀರೆಯ ಕೆಲಸ ನಿಂತಿರುತ್ತದೆ. ನೀವು ಮತ್ತೆ ಕೇಳಿದರೆ ಮತ್ತೆ ಬೇಡ ಅನ್ನುತ್ತಾರೆ. ಅದಕ್ಕೆ ಮೊದಲ ಸಲ ಹೋಗುವಾಗ ಅವ್ವನನ್ನು ಜೊತೆಗೆ ಕರೆದುಕೊಂಡು ಹೋಗಿ. ಒಂದು ಸೆರಗಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಆ ಹೊತ್ತಿಗೆ ಎಷ್ಟು ಸಲ್ಲಬೇಕಿತ್ತು, ಎಷ್ಟು ಸಲ್ಲಲಿಲ್ಲ ಎಂಬ ಲೆಕ್ಕ ನಿಮ್ಮ ಮನೆಯಲ್ಲಿ ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಚಹಾ ಆದ ಮೇಲೆ ನೀವು ಎದ್ದು ಹೊರಗೆ ಹೋಗಿ, ತಿಂಗಳಿಗೆ ಎಷ್ಟು ಅನ್ನುವುದನ್ನು ಅವರಿಬ್ಬರೇ ಮಾತಾಡಿ ಗೊತ್ತುಮಾಡಲಿ. ಅವರು ಹೇಳಿದಷ್ಟನ್ನು ಪ್ರತಿ ತಿಂಗಳು ತಪ್ಪದೆ ಕೊಡಿ.