ಅಳುವೂ ಪ್ರಾರ್ಥನೆಯೇ

ಪ್ರಶ್ನೆ: ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಗಂಡನನ್ನು ಎರಡು ವರ್ಷದಿಂದ ಒಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ದಿನವೂ ಜಪಸರ ಹೇಳುತ್ತೇನೆ, ಆದರೂ ಅಳು ನಿಲ್ಲುವುದಿಲ್ಲ, ನಿದ್ದೆ ಬರುವುದಿಲ್ಲ. ನನ್ನ ವಿಶ್ವಾಸ ಕಡಿಮೆಯಾಯಿತೇ?
– ಹೆಸರು ಬೇಡ, ಉಡುಪಿ

ಉತ್ತರ: ಖಂಡಿತ ಇಲ್ಲ, ಸಹೋದರಿ. ಬೈಬಲಿನ 150 ಕೀರ್ತನೆಗಳಲ್ಲಿ ಬಹಳಷ್ಟು ನೊಂದವರ ಮೊರೆಗಳೇ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ. ಕೊನೆಗೆ ಸಮಾಧಾನದ ಒಂದು ಮಾತೂ ಬರುವುದಿಲ್ಲ. ಗೆತ್ಸೆಮನೆಯಲ್ಲಿ ಯೇಸುವೇ ಈ ಸಂಕಟ ತಪ್ಪಲಿ ಎಂದು ಬೇಡಿದರು, ಜೊತೆಗೆ ಎಚ್ಚರವಾಗಿರಿ ಎಂದು ಶಿಷ್ಯರನ್ನು ಕೇಳಿಕೊಂಡರು. ಹಾಗಿರುವಾಗ ನೀವೊಬ್ಬರೇ ಎಲ್ಲವನ್ನೂ ಏಕೆ ಹೊರಬೇಕು?

ಪ್ರವಾದಿ ಎಲೀಯ ಬದುಕು ಸಾಕೆಂದು ಗಿಡದ ಕೆಳಗೆ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು, ಕುಡಿದು, ಮತ್ತೆ ಮಲಗಿದ. ಮುಂದಿನ ದಾರಿಗೆ ತ್ರಾಣ ಬಂದದ್ದು ಹಾಗೆ. ನಿಮಗೂ ಮೊದಲು ಬೇಕಾದದ್ದು ಹೊತ್ತಿಗೆ ಸರಿಯಾಗಿ ಊಟ, ನಿದ್ದೆ.

ಈ ಭಾನುವಾರ ಪೂಜೆ ಮುಗಿದ ಮೇಲೆ ವಾರ್ಡಿನ ಗುರಿಕಾರರನ್ನೋ ಸ್ತ್ರೀ ಸಂಘಟನೆಯವರನ್ನೋ ಕಂಡು ನೇರವಾಗಿ ಕೇಳಿ: ವಾರದಲ್ಲಿ ಎರಡು ಮಧ್ಯಾಹ್ನ ಯಾರಾದರೂ ಗಂಡನ ಬಳಿ ಕೂರಬಹುದೇ? ಆ ಹೊತ್ತು ನೀವು ಮಲಗಿ. ಗಂಡನಿಗೆ ಮನೆಗೇ ಪರಮಪ್ರಸಾದ ತರುವಂತೆ ಧರ್ಮಗುರುಗಳಿಗೂ ಹೇಳಿ. ಜಪಸರ ಪೂರ್ತಿ ಮಾಡಲಾಗದ ದಿನ ಗಂಡನಿಗೆ ಕೇಳುವಂತೆ ಒಂದೇ ಒಂದು ಕೀರ್ತನೆ ಓದಿದರೂ ಸಾಕು.

ನಿದ್ದೆಯಿಲ್ಲದಿರುವುದನ್ನು, ಅಳುವನ್ನು ವೈದ್ಯರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ; ಕನ್ನಡದಲ್ಲೇ ಮಾತಾಡಬಹುದು. ದೇವರು ಮನುಷ್ಯರ ಕೈಯಿಂದಲೂ ನೆರವು ಕಳಿಸುತ್ತಾನೆ. ಸಂಕೋಚ ಬಿಟ್ಟು ಇಂದೇ ಕರೆ ಮಾಡಿ.