ಜೋಳದ ಋಣ

ಒಬ್ಬೊಬ್ಬರ ನಾಲಿಗೆಗೆ ಒಂದೊಂದು ರುಚಿ. ಒಬ್ಬನಿಗೆ ಹುಳಿಯ ಮೇಲೆ ಆಸೆಯಾದರೆ ಇನ್ನೊಬ್ಬನಿಗೆ ಖಾರದ ಮೇಲೆ. ಬಸುರಿಯ ಬಯಕೆಯನ್ನು ತೀರಿಸುವುದು ಬಂಧುಗಳ ಕರ್ತವ್ಯವೆಂದೇ ಉತ್ತರ ಕರ್ನಾಟಕದ ಜನ ತಿಳಿಯುತ್ತಾರೆ. ಕುಬಸದ ದಿನ ಅವಳಿಗೆ ಇಷ್ಟವಾದುದನ್ನೆಲ್ಲ ಮಾಡಿ ಉಣಬಡಿಸುತ್ತಾರೆ. ಆದುದರಿಂದ ನಾಲಿಗೆಯ ಬಯಕೆಯನ್ನು ಬರಿಯ ಚಪಲವೆಂದು ತಳ್ಳಿಹಾಕುವುದು ಸರಿಯಲ್ಲ. ಅದರ ಬೇರು ಹುಟ್ಟಿ ಬೆಳೆದ ನೆಲದಲ್ಲಿ ಇಳಿದಿರುತ್ತದೆ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳು ಕೃಷ್ಣಾ-ಘಟಪ್ರಭಾ ನದಿಗಳ ಆಸುಪಾಸಿನ ಊರುಗಳು. ಮುಧೋಳವು ಕವಿಚಕ್ರವರ್ತಿ ರನ್ನನ ಹುಟ್ಟೂರು. ರಬಕವಿ-ಬನಹಟ್ಟಿಗಳು ಮಗ್ಗದ ಸೀರೆಗಳಿಗೆ ಹೆಸರಾದವು. ಒಕ್ಕಲಿಗನಿರಲಿ, ನೇಕಾರನಿರಲಿ, ಇಲ್ಲಿಯವರಿಗೆ ಎಲ್ಲಕ್ಕಿಂತ ಪ್ರಿಯವಾದ ಊಟ ಯಾವುದು? ಹಬ್ಬಕ್ಕೆ ಹೋಳಿಗೆ ಬೇಕು, ನಿಜ. ಆದರೆ ಎರಡು ದಿನ ಸಿಹಿ ಉಂಡ ನಾಲಿಗೆ ಮೂರನೆಯ ದಿನ ಜೋಳದ ರೊಟ್ಟಿಯನ್ನೇ ಕೇಳುತ್ತದೆ. ಬಿಸಿರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕೈಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ—ಇಷ್ಟಿದ್ದರೆ ಅವರಿಗೆ ಅದೇ ಮೃಷ್ಟಾನ್ನ. ಬೆಂಗಳೂರಿಗೆ ಓದಲು ಹೋದ ಹುಡುಗನು ರಜೆಗೆ ಬಂದಾಗ, ಕೈಚೀಲವನ್ನು ಕೆಳಗಿಡುವ ಮೊದಲೇ, “ಯವ್ವಾ, ಒಂದು ಬಿಸಿ ರೊಟ್ಟಿ ನೀಡು” ಎನ್ನುತ್ತಾನೆ.

ಈ ರೊಟ್ಟಿ ಸುಲಭವಾಗಿ ಆಗುವಂತಹುದಲ್ಲ. ಗೋದಿಯ ಹಿಟ್ಟಿನಲ್ಲಿ ಗ್ಲೂಟನ್ ಎಂಬ ಅಂಟಿನ ಅಂಶವಿರುವುದರಿಂದ ಅದನ್ನು ಹೇಗೆ ಬೇಕಾದರೂ ಎಳೆಯಬಹುದು. ಜೋಳದಲ್ಲಿ ಅದಿಲ್ಲ. ಕುದಿಯುವ ಎಸರನ್ನು ಹಿಟ್ಟಿಗೆ ಹಾಕಿದಾಗ ಅದರಲ್ಲಿಯ ಪಿಷ್ಟವು ಬೆಂದು ಜಿಗಿಯಾಗುತ್ತದೆ; ಆ ಜಿಗಿಯೇ ರೊಟ್ಟಿಯನ್ನು ಹಿಡಿದಿಡುತ್ತದೆ. ಬಳಿಕ ಹಿಟ್ಟನ್ನು ಚೆನ್ನಾಗಿ ನಾದಿ, ಅಂಗೈಯಿಂದ ಬಡಿಬಡಿದು, ತಿರುಗಿಸುತ್ತ ತಿರುಗಿಸುತ್ತ ಅಗಲಿಸಬೇಕು. ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ನೀರು ಸವರಿ, ತಿರುವಿ, ಕೆಂಡದ ಬಳಿ ಹಿಡಿದರೆ ಅದು ಉಬ್ಬುತ್ತದೆ. ಬೆಳಗಿನ ಜಾವ ಓಣಿಯಲ್ಲಿ ಕೇಳಿಬರುವ ಆ ಬಡಿತದ ಸಪ್ಪಳದ ಹಿಂದೆ ತಾಯಂದಿರ ಎಷ್ಟೋ ವರ್ಷಗಳ ದುಡಿಮೆ ಇದೆ. ಉಣ್ಣುವವರಿಗೆ ರುಚಿ ನೆನಪಿರುತ್ತದೆ. ಬಡಿದ ಕೈಯ ನೆನಪು ಎಷ್ಟು ಜನರಿಗೆ ಇರುತ್ತದೆ?

ಇದೇ ರೊಟ್ಟಿಯನ್ನು ಗರಿಗರಿಯಾಗಿ ಒಣಗಿಸಿದರೆ ಅದು ಕಡಕ್ ರೊಟ್ಟಿ. ಬಹುದಿನ ಕೆಡದ ಈ ರೊಟ್ಟಿ ದೂರ ಹೊಲಕ್ಕೆ ಹೋಗುವವರಿಗೂ ಜಾತ್ರೆಗೆ ಹೊರಟವರಿಗೂ ಬುತ್ತಿಯಾಗುತ್ತದೆ. ಜೋಳ ಇನ್ನೂ ಹಾಲುಗಾಳಾಗಿರುವಾಗ ತೆನೆಯನ್ನು ಸುಟ್ಟು ಉದುರಿಸಿದರೆ ಅದು ಸೀತನಿ. ಬೆಲ್ಲದೊಡನೆ ಹೊಲದ ಬದುವಿನಲ್ಲಿ ಕುಳಿತು ತಿಂದ ಸೀತನಿಯ ರುಚಿಯನ್ನು ಮುಪ್ಪಿನವರೆಗೂ ಮರೆಯದವರುಂಟು.

ಹಿಂಗಾರಿ ಜೋಳ ಎರೆಭೂಮಿಯ ಬೆಳೆ. ಮಳೆಗಾಲದಲ್ಲಿ ಎರೆಮಣ್ಣು ಹಿಡಿದಿಟ್ಟ ತೇವವನ್ನೂ ಚಳಿಗಾಲದ ಇಬ್ಬನಿಯನ್ನೂ ನಂಬಿ ಅದು ಬೆಳೆಯುತ್ತದೆ. ಕಾಳು ಮನುಷ್ಯನಿಗೆ, ಕಣಿಕೆ ದನಗಳಿಗೆ. ಆದರೆ ಕಾಲುವೆ, ಏತ ನೀರಾವರಿ, ಕೊಳವೆಬಾವಿಗಳು ಬಂದಂತೆ ಈ ಸೀಮೆಯ ಹೊಲಗಳಲ್ಲಿ ಕಬ್ಬು ತುಂಬಿತು; ಸಕ್ಕರೆ ಕಾರಖಾನೆಗಳು ಎದ್ದವು. 1964ರಲ್ಲಿ ಅಡಿಗಲ್ಲು ಕಂಡ ಆಲಮಟ್ಟಿ ಅಣೆಕಟ್ಟೆಯಲ್ಲಿ ನೀರು ನಿಂತಾಗ ಬೀಳಗಿ ಸೀಮೆಯ ನದಿದಂಡೆಯ ಎಷ್ಟೋ ಹೊಲಗಳು ಮುಳುಗಿದವು. ಜನರು ಹಳೆಯ ಊರುಗಳನ್ನು ಬಿಟ್ಟು ಹೊಸ ನೆಲೆಗೆ ಬಂದರು. ಹೊಲದಲ್ಲಿ ಜೋಳ ಕಡಿಮೆಯಾಯಿತು, ನಾಲಿಗೆಯ ಬಯಕೆ ಮಾತ್ರ ಕಡಿಮೆಯಾಗಲಿಲ್ಲ. ಒಂದು ಕಾಲಕ್ಕೆ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಮನೆಯವರೇ ಇಂದು ಸಂತೆಯಲ್ಲಿ ಕೊಂಡು ತರುವುದುಂಟು.

ಇದಕ್ಕಾಗಿ ಕಬ್ಬನ್ನು ಹಳಿಯುವುದು ನ್ಯಾಯವಲ್ಲ. ಕಬ್ಬು ಬಡವನ ಕೈಗೆ ಹಣ ತಂದಿತು, ಮಕ್ಕಳನ್ನು ಶಾಲೆಗೆ ಕಳಿಸಿತು. ಮಹಾಲಿಂಗಪುರದ ಬೆಲ್ಲವಿಲ್ಲದೆ ಹೋಳಿಗೆಯ ಹೂರಣ ಎಲ್ಲಿಯದು? ಆದರೂ ಬಯಸಿ ಉಣ್ಣುವುದನ್ನು ಬೆಳೆಯುವವರೇ ಇಲ್ಲದಂತಾದರೆ ಬಯಕೆಗೆ ಆಸರೆ ಯಾವುದು? ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳದ ಮಾತು ಜಗತ್ತಿನ ಕಿವಿಗೂ ಬಿದ್ದಿತು. ಕಡಿಮೆ ನೀರಿನಲ್ಲಿ ಬೆಳೆದು ಮನುಷ್ಯರನ್ನೂ ದನಗಳನ್ನೂ ಸಾಕುವ ಈ ಬೆಳೆಯ ಬೆಲೆಯನ್ನು ಜೋಳದ ಸೀಮೆಯ ಹಿರಿಯರು ಎಂದೋ ಅರಿತಿದ್ದರು.

ಹಳೆಯ ಕನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತುಂಟು. ಅನ್ನವಿಕ್ಕಿದ ಒಡೆಯನ ಋಣವನ್ನು ತೀರಿಸಲು ಪ್ರಾಣವನ್ನಾದರೂ ಕೊಡುವ ನಿಷ್ಠೆಯೇ ಜೋಳವಾಳಿ. ಇಂದು ಅಂತಹ ಒಡೆಯರಿಲ್ಲ. ಆದರೆ ಜೋಳ ಕೊಟ್ಟ ನೆಲವಿದೆ, ರೊಟ್ಟಿ ಬಡಿದ ಕೈಯಿದೆ. ಆ ಋಣಕ್ಕೆ ಪ್ರಾಣ ಬೇಕಾಗಿಲ್ಲ. ಹೊಲದ ಒಂದು ಮೂಲೆಯಲ್ಲಿ ನಾಲ್ಕು ಸಾಲು ಜೋಳ, ಒಲೆಯ ಮುಂದೆ ಒಂದಿಷ್ಟು ಹೆಗಲುಗೊಡುವಿಕೆ, ಇಷ್ಟೇ ಸಾಕು.

ರಜೆಗೆ ಬಂದ ಆ ಹುಡುಗನು ಮರುದಿನ ಬೆಳಗ್ಗೆ ತಾಯಿಯ ಪಕ್ಕದಲ್ಲಿ ಕುಳಿತು ತಾನೂ ರೊಟ್ಟಿ ಬಡಿಯತೊಡಗಿದನು. ಮೊದಲನೆಯದು ಹರಿಯಿತು, ಎರಡನೆಯದೂ ಹರಿಯಿತು. ತಾಯಿ ನಕ್ಕು, “ಹರದರ ಹರೀಲಿ ಬಿಡಪಾ, ರುಚಿ ಏನ್ ಹರಿಯೂದಿಲ್ಲ” ಎಂದಳು. ಅವನು ಮೂರನೆಯ ಉಂಡೆಯನ್ನು ಕೈಗೆತ್ತಿಕೊಂಡನು.