ಮನೆಯ ಯಾವ ಭಾಗವನ್ನು ಎಷ್ಟು ದಿನಕ್ಕೊಮ್ಮೆ ಸ್ವಚ್ಛಗೊಳಿಸಬೇಕು?
ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಕುಟುಂಬಗಳಿಗಾಗಿ ಅಧ್ಯಯನ ಪಾಠ

ಈ ಮೂರು ತಾಲ್ಲೂಕುಗಳಲ್ಲಿ ಯುಗಾದಿ, ದಸರಾ ಮತ್ತು ದೀಪಾವಳಿಗೆ ಮುನ್ನ ಇಡೀ ಮನೆಯನ್ನು ತೊಳೆದು, ಗೋಡೆಗೆ ಸುಣ್ಣ ಬಳಿಯುವ ರೂಢಿ ಹಿಂದಿನಿಂದಲೂ ಇದೆ. ಈ ರೂಢಿ ಉತ್ತಮವಾದುದೇ. ಆದರೆ ಹಬ್ಬದಿಂದ ಹಬ್ಬಕ್ಕೆ ತಿಂಗಳುಗಳ ಅಂತರವಿರುತ್ತದೆ. ರೋಗ ಹರಡುವ ಜೀವಿಗಳು ಕೆಲವೇ ದಿನಗಳಲ್ಲಿ ಬೆಳೆಯುತ್ತವೆ. ಆದ್ದರಿಂದ ಸ್ವಚ್ಛತೆಯ ಅವಧಿಯನ್ನು ಕಣ್ಣಿಗೆ ಕಾಣುವ ಕೊಳೆಯಿಂದಲ್ಲ, ಕೊಳೆಯಲ್ಲಿ ಹುಟ್ಟುವ ಜೀವಿಯ ಬೆಳವಣಿಗೆಯ ಅವಧಿಯಿಂದ ನಿರ್ಧರಿಸಬೇಕು. ಈ ಪಾಠದ ಮೂಲ ತತ್ವವೇ ಇದು.

1. ಪ್ರತಿದಿನ
ಅಡುಗೆಮನೆ, ಬಚ್ಚಲು, ಶೌಚಾಲಯ ಮತ್ತು ದನದ ಕೊಟ್ಟಿಗೆ ಈ ವರ್ಗಕ್ಕೆ ಸೇರುತ್ತವೆ. ಬೇಸಿಗೆಯ ಉಷ್ಣದಲ್ಲಿ ನೊಣದ ಮೊಟ್ಟೆ ಒಂದೇ ದಿನದೊಳಗೆ ಒಡೆಯುತ್ತದೆ. ಹೀಗಾಗಿ ಸಗಣಿ ಮತ್ತು ಮುಸುರೆಯನ್ನು ಅಂದಂದೇ ಮನೆಯಿಂದ ದೂರದ ತಿಪ್ಪೆಗುಂಡಿಗೆ ಸಾಗಿಸಬೇಕು. ಶೌಚಾಲಯಕ್ಕೆ ಪ್ರತ್ಯೇಕ ಪೊರಕೆ ಇರಲಿ. ಆಮ್ಲದ ದ್ರಾವಣ ಹಾಗೂ ಬ್ಲೀಚಿಂಗ್ ಪುಡಿಯನ್ನು ಒಟ್ಟಿಗೆ ಬಳಸಬಾರದು. ಅವೆರಡೂ ಸೇರಿದಾಗ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

2. ವಾರಕ್ಕೊಮ್ಮೆ
ನೀರು ಸಂಗ್ರಹಿಸುವ ಎಲ್ಲ ಪಾತ್ರೆಗಳು ಈ ವರ್ಗಕ್ಕೆ ಸೇರುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆ ಮತ್ತು ನಾರಾಯಣಪುರ ಬಲದಂಡೆ ಕಾಲುವೆ ಹರಿಯುವ ಈ ಸೀಮೆಯಲ್ಲಿಯೂ ಕಾಲುವೆಯ ನೀರು ನಿಂತ ದಿನಗಳಲ್ಲಿ ನಲ್ಲಿಯ ನೀರು ದಿನ ಬಿಟ್ಟು ದಿನ ಬರುವುದುಂಟು. ಆದಕಾರಣ ಪ್ರತಿ ಮನೆಯಂಗಳದಲ್ಲಿ ಸಿಮೆಂಟ್ ತೊಟ್ಟಿ, ಡ್ರಮ್, ಹಂಡೆಗಳು ತುಂಬಿರುತ್ತವೆ. ಡೆಂಗಿ ಮತ್ತು ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಯು ಇಂತಹ ಶುದ್ಧ ನೀರನ್ನೇ ಆರಿಸಿಕೊಳ್ಳುತ್ತದೆ, ಹಗಲಿನಲ್ಲಿಯೇ ಕಚ್ಚುತ್ತದೆ.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಸುಮಾರು 7ರಿಂದ 10 ದಿನಗಳು ಬೇಕು. ವಾರಕ್ಕೊಮ್ಮೆ ತೊಟ್ಟಿ ಬರಿದುಮಾಡಿದರೆ ಈ ಸರಪಳಿ ತುಂಡಾಗುತ್ತದೆ. ಆದರೆ ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ತುಸು ಮೇಲೆ ಪಾತ್ರೆಯ ಗೋಡೆಗೆ ಅಂಟಿರುತ್ತವೆ. ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ಒಳಗೋಡೆಯನ್ನು ತೆಂಗಿನ ನಾರು ಅಥವಾ ಬ್ರಷ್‌ನಿಂದ ತಿಕ್ಕಿ ತೊಳೆದು, ಒಣಗಿಸಿ, ಅನಂತರವೇ ತುಂಬಬೇಕು.

ಬೇಸಿಗೆಯಲ್ಲಿ ಇದ್ದ ನೀರನ್ನು ಚೆಲ್ಲುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದುದು. ನೀರು ಬರುವ ದಿನದ ಹಿಂದಿನ ಸಂಜೆಗೆ ತೊಟ್ಟಿ ತಳ ಮುಟ್ಟುವಂತೆ ಬಳಕೆಯನ್ನು ಹೊಂದಿಸಿಕೊಳ್ಳಬಹುದು. ಉಳಿದ ನೀರನ್ನು ಚರಂಡಿಗೆ ಬಿಡದೆ ಗಿಡಗಳ ಬುಡಕ್ಕೆ ಹಾಕಬೇಕು. ಒಣ ಮಣ್ಣಿನ ಮೇಲೆ ಮರಿಹುಳುಗಳು ಸಾಯುತ್ತವೆ. ಬರಿದುಮಾಡಲಾಗದ ದೊಡ್ಡ ತೊಟ್ಟಿಗೆ ಬಟ್ಟೆ ಬಿಗಿದು ಕಟ್ಟಬೇಕು. ಲಾರ್ವಾನಾಶಕವನ್ನು ಆರೋಗ್ಯ ಸಿಬ್ಬಂದಿಯ ಮಾರ್ಗದರ್ಶನದಲ್ಲಿಯೇ ಬಳಸಬೇಕು. ಕೂಲರ್, ಫ್ರಿಜ್‌ನ ಹಿಂಬದಿಯ ತಟ್ಟೆ, ಹೂಕುಂಡದ ತಟ್ಟೆ, ಹಳೆಯ ಟೈರು, ದನಕರುಗಳ ನೀರಿನ ಬಾನಿಗಳನ್ನೂ ಮರೆಯಬಾರದು.

ಈ ಸೊಳ್ಳೆ ಸಾಮಾನ್ಯವಾಗಿ ಕೆಲವು ನೂರು ಮೀಟರ್‌ಗಳಾಚೆ ಹಾರುವುದಿಲ್ಲ. ಒಂದು ಓಣಿಯ ರೋಗ ಬಹುತೇಕ ಅದೇ ಓಣಿಯ ತೊಟ್ಟಿಗಳಲ್ಲಿಯೇ ಹುಟ್ಟುತ್ತದೆ. ಒಂದು ಮನೆ ತೊಳೆದು ಪಕ್ಕದ ಮನೆ ಬಿಟ್ಟರೆ ಫಲವಿಲ್ಲ. ಇಡೀ ಓಣಿ ಒಂದೇ ವಾರವನ್ನು ಗೊತ್ತುಮಾಡಿಕೊಳ್ಳುವುದು ಸೂಕ್ತ. 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಎಡೆಮಾಡುವ ಮನೆಗಳಿಗೆ ದಂಡವನ್ನೂ ವಿಧಿಸಿತು. ದಂಡಕ್ಕಿಂತ ದೊಡ್ಡದು ಮಕ್ಕಳ ಜೀವ.

ಹಾಸಿಗೆ, ಕೌದಿಗಳನ್ನೂ ವಾರಕ್ಕೊಮ್ಮೆ ಬಿಸಿಲಿಗೆ ಹಾಕುವುದು ಒಳ್ಳೆಯದು.

3. ತಿಂಗಳಿಗೊಮ್ಮೆ
ಅಡುಗೆಮನೆಯ ಮಸಿ, ಜೇಡರ ಬಲೆ, ಬೆಳಕಿಂಡಿ, ಅಟ್ಟ ಹಾಗೂ ಕಟ್ಟಿಗೆ ರಾಶಿ. ಕಟ್ಟಿಗೆ ಮತ್ತು ಹುಲ್ಲಿನ ಬಣವೆಯಲ್ಲಿ ಚೇಳು, ಹಾವುಗಳು ಅಡಗಿರುವುದರಿಂದ ಬರಿಗೈ ಹಾಕದೆ ಕೋಲಿನಿಂದ ಸರಿಸಬೇಕು.

4. ಸುಗ್ಗಿಗೊಮ್ಮೆ ಮತ್ತು ಮಳೆಗಾಲಕ್ಕೆ ಮುನ್ನ
ಹೊಸ ಭತ್ತ, ಜೋಳ, ತೊಗರಿ ಮನೆಗೆ ಬರುವ ಮೊದಲು ಕಾಳಿನ ಕೋಣೆಯನ್ನು ಬರಿದುಮಾಡಿ, ಗೋಡೆಯ ಬಿರುಕು ಮತ್ತು ಇಲಿಯ ಬಿಲಗಳನ್ನು ಮುಚ್ಚಬೇಕು. ಇಲಿಯ ಹಿಕ್ಕೆಯನ್ನು ಒಣದಾಗಿ ಗುಡಿಸದೆ ಬ್ಲೀಚಿಂಗ್ ದ್ರಾವಣ ಚಿಮುಕಿಸಿ ಒರೆಸಬೇಕು. ಮುಂಗಾರಿಗೆ ಮುನ್ನ ಮಾಳಿಗೆಯ ಮೇಲಿನ ಕಸ ತೆಗೆದು ದೋಣಿಗಳನ್ನು ತೆರವುಗೊಳಿಸಬೇಕು.

ಈ ಕೆಲಸವೆಲ್ಲ ಮನೆಯ ಹೆಣ್ಣುಮಕ್ಕಳ ಪಾಲಿಗೇ ಬೀಳಬಾರದು. ತೊಟ್ಟಿ ತಿಕ್ಕುವುದು, ಮಾಳಿಗೆ ಏರುವುದು, ತಿಪ್ಪೆ ಸಾಗಿಸುವುದು ಗಂಡಸರ ಹೊಣೆಯೂ ಹೌದು.

ಸಭೆಯಲ್ಲಿ ಚರ್ಚಿಸಲು
ಅ) ನಿಮ್ಮ ಓಣಿಯಲ್ಲಿ ನೀರು ಬರುವ ದಿನ ಯಾವುದು? ತೊಟ್ಟಿ ತೊಳೆಯಲು ಯಾವ ದಿನ ಅನುಕೂಲ?
ಆ) ಒಂಟಿಯಾಗಿರುವ ವೃದ್ಧರ ಮನೆಯ ತೊಟ್ಟಿಯನ್ನು ತೊಳೆಯುವವರು ಯಾರು?
ಇ) ಬೀಗ ಹಾಕಿ ದುಡಿಯಲು ಹೋದವರ ಅಂಗಳದ ನೀರನ್ನು ಯಾರು ನೋಡಿಕೊಳ್ಳಬೇಕು?